ಗೇಮಿನ ರಾಮೆಸಿಸ್ ಯಾವ ರಾಮೆಸಿಸ್?

ಪ್ರಶ್ನೆ: ನನ್ನ ತಮ್ಮ ಕಂಪ್ಯೂಟರಿನಲ್ಲಿ ‘ಟೋಟಲ್ ವಾರ್: ಫೇರೋ’ ಆಡುತ್ತಾನೆ. ಅದರಲ್ಲಿ ಬರುವ ರಾಮೆಸಿಸ್, ಅಬು ಸಿಂಬೆಲ್ ಗುಡಿ ಕಟ್ಟಿಸಿದ ರಾಜನೇ? ಆಟದಲ್ಲಿ ತೋರಿಸುವುದೆಲ್ಲ ನಿಜವೇ? ನಮ್ಮ ಕಡೆಯ ರಾಜರೂ ಇಂಥ ಗೇಮುಗಳಲ್ಲಿ ಇದ್ದಾರೆಯೇ?
– ಓದುಗರು, ಹಿರೇಬೆಂಡಿಗೇರಿ

ಉತ್ತರ: ಅಲ್ಲ, ಇಬ್ಬರೂ ಬೇರೆ ಬೇರೆ. ಅಬು ಸಿಂಬೆಲ್ ಕಟ್ಟಿಸಿದವನು ಈಜಿಪ್ಟಿನ ಎರಡನೆಯ ರಾಮೆಸಿಸ್; ಕ್ರಿ.ಪೂ. 1279ರಿಂದ 66 ವರ್ಷ ಆಳಿದವನು. 2023ರಲ್ಲಿ ಬಂದ ಈ ಗೇಮಿನ ತರುಣ, ಮುಂದೆ ಮೂರನೆಯ ರಾಮೆಸಿಸ್ ಆಗಿ ಪಟ್ಟವೇರಿದವನು (ಕ್ರಿ.ಪೂ. 1186–1155).

ಕಡಲ ಕಡೆಯಿಂದ ದಂಡೆತ್ತಿ ಬಂದವರನ್ನು ಅವನು ಹಿಮ್ಮೆಟ್ಟಿಸಿದ್ದು ನಿಜ. ಮೆದಿನೆತ್ ಹಬುವಿನಲ್ಲಿರುವ ಅವನ ಗುಡಿಯ ಗೋಡೆಯ ಮೇಲೆ ಆ ಕಾಳಗವನ್ನು ಕೊರೆಸಿದ್ದಾನೆ. ಆದರೆ ಸೇತಿ, ಅಮೆನ್‌ಮೆಸೆ, ರಾಣಿ ತೌಸ್ರೆತ್ ಇವರೆಲ್ಲ ಅವನ ಜೊತೆ ಒಮ್ಮೆಲೇ ಪಟ್ಟಕ್ಕಾಗಿ ಬಡಿದಾಡಿದ್ದು ಆಟಕ್ಕೆಂದು ಹೆಣೆದ ಕಥೆ. ಅವರ ಕಾಲ ಮುಗಿದ ಮೇಲೆ ಇವನ ತಂದೆ ಸೆತ್‌ನಖ್ತ್ ಹೊಸ ವಂಶ ಶುರುಮಾಡಿದ.

ಮೂರನೆಯ ರಾಮೆಸಿಸ್‌ನ ಕಾಲದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ. ಅವನ ಆಳ್ವಿಕೆಯ 29ನೆಯ ವರ್ಷ, ರಾಜರ ಗೋರಿಗಳನ್ನು ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕುಶಲಕರ್ಮಿಗಳಿಗೆ ಕೂಲಿ ಸಿಗಲಿಲ್ಲ. ಆಗ ಕೂಲಿಯೆಂದರೆ ಕಾಳು: ಗೋದಿ ಮತ್ತು ಬಾರ್ಲಿ. ತಿಂಗಳಲ್ಲಿ 18 ದಿನ ಕಳೆದರೂ ಕಾಳು ಬಾರದಿದ್ದಾಗ ಅವರು ಕೆಲಸ ಬಿಟ್ಟರು. ಹಸಿದಿದ್ದೇವೆ ಎನ್ನುತ್ತ ಗೋಡೆಗಳನ್ನು ದಾಟಿ ಹೋಗಿ ಒಂದು ಗುಡಿಯ ಹಿಂದೆ ಕುಳಿತುಬಿಟ್ಟರು. ಲಿಪಿಕಾರ ಅಮೆನ್‌ನಖ್ತ್ ಇದನ್ನು ಪಪೈರಸ್ ಹಾಳೆಯಲ್ಲಿ ಬರೆದಿಟ್ಟ. ಆ ಪಪೈರಸ್ ಈಗ ಇಟಲಿಯ ತುರಿನ್ ನಗರದ ಸಂಗ್ರಹಾಲಯದಲ್ಲಿದೆ. ಜಗತ್ತಿನಲ್ಲಿ ನಮಗೆ ದಾಖಲೆ ಸಿಕ್ಕಿರುವ ಮೊದಲ ಮುಷ್ಕರ ಇದು. ಗೇಮಿನಲ್ಲಿ ಆಹಾರವೆಂಬುದು ಕಲ್ಲು, ಮರ, ಕಂಚಿನ ಸಾಲಿನಲ್ಲಿ ಒಂದು ಅಂಕಿ. ಆ ಊರಿನಲ್ಲಿ ಅದು ಹೆಂಡಿರು ಮಕ್ಕಳ ಹೊಟ್ಟೆಯ ಮಾತು. ಆ ರಾಜನ ಕೊನೆಯೂ ಘೋರವಾದದ್ದೇ. ಅವನ ಗಂಟಲು ಸೀಳಿತ್ತೆಂದು ಮಮ್ಮಿಯ ಸಿ.ಟಿ. ಸ್ಕ್ಯಾನಿನಿಂದ 2012ರಲ್ಲಿ ತಿಳಿದುಬಂತು.

ಇನ್ನು ನಮ್ಮವರು. 2020ರ ‘ಕ್ರುಸೇಡರ್ ಕಿಂಗ್ಸ್ 3’ ಗೇಮನ್ನು ಕ್ರಿ.ಶ. 867ರಿಂದ ಶುರುಮಾಡಬಹುದು. ಭಾರತವೂ ಅದರ ನಕ್ಷೆಯಲ್ಲಿದೆ. ಆ ವರ್ಷ ಕನ್ನಡ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಅವನ ನಂಬಿಕೆಯ ದಂಡನಾಯಕ ಬಂಕೇಯ. ನಿಮ್ಮದೇ ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಹೆಸರು ಬಂದದ್ದು ಅವನಿಂದ. ಗಂಗರ ಮೇಲೆ ದಂಡೆತ್ತಿ ಹೋಗಿದ್ದ ಬಂಕೇಯನನ್ನು, ರಾಜ್ಯದೊಳಗೇ ದಂಗೆ ಎದ್ದಿತೆಂದು ರಾಜ ನಡುವೆಯೇ ವಾಪಸು ಕರೆಸಿದ ಕಥೆ ಕೊನ್ನೂರಿನ ಶಾಸನದಲ್ಲಿದೆ. ತಮ್ಮನಿಗೆ ಮೊದಲು ಇದನ್ನು ಹೇಳಿ, ಆಮೇಲೆ ಆಡಲಿ.