ಮೋಡೆಮ್‌ಗೆ ಸ್ಮಾರ್ಟ್ ಪ್ಲಗ್ ಹಾಕುವ ಮುನ್ನ

ಮಂಗಳೂರಿನ ಕದ್ರಿ, ಬಿಜೈ, ಸುರತ್ಕಲ್ ಕಡೆ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಿಬ್ಬರೇ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಇಂಟರ್‌ನೆಟ್ ಕೈಕೊಟ್ಟರೆ ದೂರದಿಂದಲೇ ಮೋಡೆಮ್ ಆಫ್ ಮಾಡಿ ಆನ್ ಮಾಡೋಣವೆಂದು ಅವರು ವೈಫೈ ಸ್ಮಾರ್ಟ್ ಪ್ಲಗ್ ಹಾಕಿಸುತ್ತಾರೆ. ಯೋಚನೆ ಒಳ್ಳೆಯದೇ, ಎಡವುವುದು ಮಾತ್ರ ಇಲ್ಲೇ.

ಆ ಪ್ಲಗ್‌ಗೆ ಆದೇಶ ತಲುಪುವುದು ಅದೇ ಮೋಡೆಮ್ ಮೂಲಕ. ಫೋನಿನಲ್ಲಿ ‘ಆಫ್’ ಒತ್ತಿದರೆ ಮತ್ತೆ ‘ಆನ್’ ಹೇಳಲು ದಾರಿಯೇ ಇಲ್ಲ. ಕೂತ ಕೊಂಬೆಯನ್ನೇ ಕಡಿದಂತೆ. ನೆಟ್ ಪೂರ್ತಿ ನಿಂತಿದ್ದರಂತೂ ‘ಆಫ್’ ಕೂಡ ತಲುಪದು.

ಜಿಲ್ಲೆಯ ಅಡಿಕೆ ತೋಟಗಳಲ್ಲಿ ಪಂಪಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ನೋಡಿ. ಅದರೊಳಗೆ ತನ್ನದೇ ಸಿಮ್ ಇರುತ್ತದೆ, ಮನೆಯ ನೆಟ್ ಬೇಡ. ಮೋಡೆಮ್‌ಗೂ ಸಿಮ್ ಇರುವ ಸ್ವಿಚ್ಚೇ ಸರಿ. ಅಷ್ಟು ಖರ್ಚು ಬೇಡವೆಂದರೆ, ನಸುಕಿನ 3 ಗಂಟೆಗೆ ಆಫ್ ಆಗಿ ಕೆಲ ನಿಮಿಷದಲ್ಲಿ ಆನ್ ಆಗುವ ಸಾದಾ ಡಿಜಿಟಲ್ ಟೈಮರ್ ಸಾಕು. ಕರೆಂಟ್ ಹೋಗಿ ಬಂದಾಗ ಸ್ವಿಚ್ ತಾನಾಗಿ ಆನ್ ಆಗುವಂತೆ ಸೆಟ್ಟಿಂಗ್ ಇಡಿ. ಮಳೆಗಾಲದ ಮಂಗಳೂರಿನಲ್ಲಿ ಇದನ್ನು ಮರೆಯಲೇಬಾರದು.

ಕಂಪ್ಯೂಟರನ್ನು ಹೀಗೆ ಏಕಾಏಕಿ ಆಫ್ ಮಾಡಬೇಡಿ, ಫೈಲುಗಳು ಕೆಡಬಹುದು. ಮೊದಲು ಶಟ್‌ಡೌನ್, ಆಮೇಲೆ ಸ್ವಿಚ್.

ಇನ್ನು ಸಿಡಿಲು. ಸ್ವಿಚ್ ಆಫ್ ಇದ್ದರೂ ಅದರೊಳಗಿನ ಕಿರಿದಾದ ಅಂತರವನ್ನು ಸಿಡಿಲಿನ ವೋಲ್ಟೇಜು ಹಾರಿ ದಾಟಬಲ್ಲದು. ಗುಡುಗು ಶುರುವಾಗುವ ಮೊದಲೇ ಅಡಾಪ್ಟರನ್ನು ಕಿತ್ತಿಡಲು ಅಮ್ಮನಿಗೆ ಹೇಳಿಕೊಡಿ. ತಾಮ್ರದ ಫೋನ್ ತಂತಿ ಇದ್ದರೆ ಅದನ್ನೂ ಬಿಡಿಸಿಡಲಿ. ಗುಡುಗು ಹತ್ತಿರ ಬಂದ ಮೇಲಾದರೆ ಯಾವುದನ್ನೂ ಮುಟ್ಟುವುದು ಬೇಡ.