ಅಗಡಿಯಿಂದ ನೇತ್ರಾಣಿಗೆ: ಕಾರ್ಡ್ ಸಿಕ್ಕಿತು, ಮುಂದಿನ ಕೋರ್ಸ್ ಯಾವಾಗ?

ಅಗಡಿ, ಹಾವೇರಿ ಸುತ್ತಿನವರು ಸ್ಕೂಬಾ ಡೈವಿಂಗ್ ಮಾಡಬೇಕೆಂದರೆ ಹೋಗಬೇಕಾದ್ದು ನೇತ್ರಾಣಿ ದ್ವೀಪಕ್ಕೆ. ಹಾನಗಲ್, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಕುಮಟಾ, ಹೊನ್ನಾವರದ ಮೇಲೆ ಮುರ್ಡೇಶ್ವರ. ಅಲ್ಲಿಂದ ಬೋಟಿನಲ್ಲಿ ಸುಮಾರು 19 ಕಿ.ಮೀ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿರುತ್ತದೆ. ಬೋಟ್ ಹೊರಡುವುದು ಬೆಳಿಗ್ಗೆ, ಹಾಗಾಗಿ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಆ ರಾತ್ರಿ ಊಟಕ್ಕೆ ಬ್ಯಾಡಗಿ ಖಾರ ಸ್ವಲ್ಪ ಕಡಿಮೆಯಿರಲಿ, ಬೋಟ್ ಚೆನ್ನಾಗಿಯೇ ಅಲ್ಲಾಡುತ್ತದೆ.

ಬೋಧಕರು ಸಿಲಿಂಡರ್ ಹಿಡಿದುಕೊಂಡೇ ಮೀನು ತೋರಿಸುವ ‘ಟ್ರೈ ಡೈವ್’ ಬರೀ ರುಚಿ ನೋಡುವುದಕ್ಕೆ. ನಿಜವಾದ ಕಲಿಕೆ ಓಪನ್ ವಾಟರ್ ಕೋರ್ಸ್‌ನಲ್ಲಿ: ಪಾಠ, ಈಜುಕೊಳದ ಅಭ್ಯಾಸ, 4 ಡೈವ್, ಮುಗಿದ ಮೇಲೆ ಸಿಗುವ ಕಾರ್ಡ್ ಇದ್ದರೆ 18 ಮೀಟರ್ ಆಳದವರೆಗೆ ಇಳಿಯಬಹುದು. ಬಾವಿಯಲ್ಲಿ ಈಜು ಕಲಿತ ನಮ್ಮ ಕಡೆಯವರಿಗೆ ನೀರಿನ ಹೆದರಿಕೆ ಕಡಿಮೆ, ಆದರೆ ಉಸಿರು ಬಿಗಿಹಿಡಿದು ಮುಳುಗುವ ರೂಢಿ ಬಿಡುವುದು ಕಷ್ಟ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಏರಿದರೆ ಶ್ವಾಸಕೋಶಕ್ಕೇ ಪೆಟ್ಟು.

ಕಾರ್ಡ್ ಕೈಗೆ ಬಂದ ಕೂಡಲೇ ಬಹಳ ಜನ 30 ಮೀಟರ್‌ವರೆಗೆ ಇಳಿಸುವ ಅಡ್ವಾನ್ಸ್‌ಡ್ ಕೋರ್ಸ್‌ಗೆ ಹೆಸರು ಬರೆಸುತ್ತಾರೆ. ನನ್ನ ಮಾತು ಕೇಳಿದರೆ, ಮೊದಲು ಬೇಕಾದ್ದು ಆಳವಲ್ಲ, ಹತೋಟಿ. ಬೋಧಕರ ಜೊತೆ ಇನ್ನೊಂದಷ್ಟು ಡೈವ್ ಮಾಡಿ, ನಿಮ್ಮನ್ನು ನೀವೇ ಗಮನಿಸಿಕೊಳ್ಳಿ. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ನಿಮ್ಮ ಗಾಳಿಯೇ ಮುಗಿಯುತ್ತದೆಯೇ? ಕೈ ಬಡಿಯದೆ ಒಂದೇ ಮಟ್ಟದಲ್ಲಿ ನಿಲ್ಲಲು ಆಗುತ್ತಿಲ್ಲವೇ? 5 ಮೀಟರ್‌ನಲ್ಲಿ ಮೇಲೆ ಬರುವ ಮುನ್ನ 3 ನಿಮಿಷ ತಂಗಬೇಕಾದಾಗ ತಾನಾಗಿ ಮೇಲಕ್ಕೆ ತೇಲಿಹೋಗುತ್ತೀರಾ? ಮಾಸ್ಕ್‌ಗೆ ನೀರು ನುಗ್ಗಿದರೆ ಗಾಬರಿಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ ತೇಲುವಿಕೆಯ ಹತೋಟಿ ಕಲಿಸುವ ಬಯೊಯನ್ಸಿ ಕೋರ್ಸ್‌ಗೆ ಸಮಯ ಬಂದಿದೆ. ಅಂಡಮಾನ್‌ಗೋ ಲಕ್ಷದ್ವೀಪಕ್ಕೋ ಹೋಗುವ ಯೋಚನೆಯಿದ್ದರೆ ಅದಕ್ಕೂ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

ಈ ಕೋರ್ಸಿನಲ್ಲಿ ಮೊದಲು ಕೈಹಾಕುವುದು ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸಕ್ಕೆ. ಬೆಂಗಳೂರಿನ ಈಜುಕೊಳದಲ್ಲಿ ಸರಿಹೋದ ತೂಕ ಉಪ್ಪುನೀರಿನಲ್ಲಿ ಸಾಲುವುದಿಲ್ಲ. ಹಾಗೆಂದು ಅಂದಾಜಿನಲ್ಲಿ ಕಟ್ಟಿಕೊಂಡರೆ ಅತಿಯಾಗುತ್ತದೆ. ಪರೀಕ್ಷೆ ಹೀಗೆ: ಗಾಳಿ ತುಂಬಿ ತೇಲಿಸುವ ಜಾಕೆಟ್‌ನ ಗಾಳಿ ಪೂರ್ತಿ ಬಿಟ್ಟು, ಸಾಮಾನ್ಯ ಉಸಿರು ಎಳೆದುಕೊಂಡು ಅಲ್ಲಾಡದೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು; ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಇದನ್ನು ಡೈವ್‌ನ ಕೊನೆಗೆ, ಸಿಲಿಂಡರ್‌ನಲ್ಲಿ 50 ಬಾರ್ ಉಳಿದಾಗ ನೋಡುವುದೇ ಸರಿ, ಏಕೆಂದರೆ ಗಾಳಿ ಖಾಲಿಯಾದ ಸಿಲಿಂಡರ್ ಸುಮಾರು 2 ಕೆ.ಜಿ. ಹಗುರಾಗಿರುತ್ತದೆ. ಸೀಸ ಹೆಚ್ಚಾದವರು ಮುಳುಗದಿರಲು ಕಾಲು ಬಡಿಯುತ್ತಾರೆ, ಗಾಳಿ ಬೇಗ ಮುಗಿಸುತ್ತಾರೆ, ಹವಳಕ್ಕೂ ಒದೆಯುತ್ತಾರೆ.

ಮಳೆಗಾಲ ಕಳೆದು, ಹಿಂದಿನ ಡೈವ್ ಆಗಿ ಆರೇಳು ತಿಂಗಳ ಮೇಲೆ ನೀರಿಗಿಳಿಯುವವರಿಗೆ ಹೊಸ ಕೋರ್ಸ್ ಬೇಡ. ಈಜುಕೊಳದಲ್ಲಿ ಒಂದು ರಿಫ್ರೆಶರ್ ಸಾಕು.

ವಾಪಸಾಗುವಾಗ ಆತುರ ಬೇಡ. ಶಿರಸಿ ಸಮುದ್ರಮಟ್ಟದಿಂದ ಹತ್ತಿರಹತ್ತಿರ 600 ಮೀಟರ್ ಎತ್ತರದಲ್ಲಿದೆ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ಕಾಯಬೇಕೆನ್ನುವ ನಿಯಮವನ್ನು ಎತ್ತರಕ್ಕೇರಿಸುವ ಘಟ್ಟಕ್ಕೂ ಪಾಲಿಸುವುದು ಕ್ಷೇಮ. ಇನ್ನೊಂದು ರಾತ್ರಿ ಮುರ್ಡೇಶ್ವರದಲ್ಲೇ ಉಳಿದು ಮರುದಿನ ಅಗಡಿಯ ದಾರಿ ಹಿಡಿಯಿರಿ.