ಹಿತ್ತಿಲ ಸೇಬು ಬೇಯಿಸುವ ಮುನ್ನ

ಪುಟ್ಟೀ, ಮಿಶಿಗನ್‌ನಲ್ಲಿ ನೀವು ಕೊಂಡ ಮನೆಯ ಹಿತ್ತಿಲಲ್ಲಿ ಸೇಬಿನ ಮರವಿದೆ, ಆದರೆ ಹಣ್ಣು ಬರೀ ಹುಳಿ, ಮೈಯೆಲ್ಲ ಕಲೆ ಎಂದು ಬೇಸರ ಮಾಡಿಕೊಂಡಿದ್ದೆಯಲ್ಲ. ಆಪಲ್‌ಸಾಸ್‌ಗೆ ಹುಳಿ ಸೇಬೇ ಹೇಳಿ ಮಾಡಿಸಿದ್ದು. ಸಿಪ್ಪೆಯ ಮೇಲಿನ ಕಲೆಗೆ ಹೆದರಬೇಡ. ಹುಳು ಕೊರೆದಿದ್ದರೆ ಅಷ್ಟನ್ನು ಕೆತ್ತಿ ತೆಗೆ. ಕೊಳೆತದ್ದು, ಬೂಷ್ಟು ಹಿಡಿದದ್ದು ಮಾತ್ರ ಪೂರ್ತಿ ಗೊಬ್ಬರಕ್ಕೆ ಹೋಗಲಿ. ಆ ಬೂಷ್ಟಿನಿಂದ ಹುಟ್ಟುವ ಪಾಟುಲಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ಜಿಂಕೆಗಳು ಓಡಾಡುವ ಜಾಗ ಬೇರೆ, ಅವುಗಳ ಹಿಕ್ಕೆ ತಾಗಿರಬಹುದು. ನೆಲಕ್ಕೆ ಬಿದ್ದದ್ದನ್ನು ಆರಿಸಬೇಡಿ.

ಒಂದು ಹಣ್ಣು ಕೊಯ್ದು ನೋಡು, ಬೀಜ ಕಂದು ಬಣ್ಣಕ್ಕೆ ತಿರುಗಿರಬೇಕು. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತುಸು ತಿರುಗಿಸಿದರೆ ತೊಟ್ಟಿನೊಡನೆ ಕೈಗೆ ಬರಬೇಕು. ಜಗ್ಗಿ ಕೀಳುವಂತಿದ್ದರೆ ಇನ್ನೂ ಬಲಿತಿಲ್ಲ.

ದಪ್ಪ ತಳದ ಪಾತ್ರೆಗೆ ಹೋಳು ಹಾಕಿ, ತಳ ಹಿಡಿಯದಷ್ಟೇ ನೀರು ಬಿಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸು. ಕೆಂಪು ಸಿಪ್ಪೆಯಾದರೆ ಸುಲಿಯಬೇಡ. ಬೆಂದ ಮೇಲೆ ಜರಡಿಯಲ್ಲಿ ಒತ್ತಿ ಸೋಸಿದರೆ ಸಾಸ್ ನಸುಗೆಂಪಾಗಿ ಇಳಿಯುತ್ತದೆ. ಮೆಕಿಂತಾಷ್ ಜಾತಿಯದು ತಾನಾಗಿಯೇ ಕರಗುತ್ತದೆ, ಗಟ್ಟಿ ಜಾತಿಯದನ್ನು ಮಸೆಯಬೇಕು. ಸಕ್ಕರೆ ಡಬ್ಬಿಗೆ ಕೈ ಹಾಕುವ ಮುಂಚೆ ಒಂದು ಚಮಚ ಬಾಯಿಗೆ ಹಾಕಿಕೊ. ಬೆಂದ ಸೇಬಿನ ಸಿಹಿಯೇ ಬೇರೆ, ಎಷ್ಟೋ ಸಲ ಸಕ್ಕರೆಯೇ ಬೇಡ. ನಿನ್ನ ಮರದ ಹುಳಿ ಎಷ್ಟೆಂದು ಯಾವ ಪಾಕಪುಸ್ತಕಕ್ಕೂ ಗೊತ್ತಿಲ್ಲ, ಇಲ್ಲಿ ನಾಲಗೆಯ ಮಾತೇ ಕೊನೆ.

ಬಾಟಲಿ ತುಂಬುವಾಗ ಮಾತ್ರ ಕೈಯಂದಾಜು ಸಲ್ಲದು. ನಮ್ಮ ಉಪ್ಪಿನಕಾಯಿಯನ್ನು ಉಪ್ಪು, ಎಣ್ಣೆ ಕಾಯುತ್ತವೆ. ಇದರಲ್ಲಿ ಅವೆರಡೂ ಇಲ್ಲ, ಹಣ್ಣಿನ ಹುಳಿ ಮತ್ತು ಶಾಖವೇ ಕಾಯಬೇಕು. ಕುದಿಯುವ ಸಾಸನ್ನು ಬಿಸಿ ಬಾಟಲಿಗೆ ತುಂಬಿ, ಬಾಯಿಯಿಂದ ಅರ್ಧ ಇಂಚು ಖಾಲಿ ಬಿಟ್ಟು ಮುಚ್ಚು. ಮುಚ್ಚಳದ ಮೇಲೆ 1 ಇಂಚು ನಿಲ್ಲುವಷ್ಟು ಕುದಿನೀರಿನಲ್ಲಿ ಮುಳುಗಿಸು. ನಿಮ್ಮೂರು 1000 ಅಡಿ ಎತ್ತರದೊಳಗಿದ್ದರೆ ಪಿಂಟ್ ಬಾಟಲಿಗೆ 15 ನಿಮಿಷ, ಕ್ವಾರ್ಟ್‌ಗೆ 20. ಎತ್ತರ ಅದನ್ನು ದಾಟಿದರೆ ಇನ್ನೂ 5 ನಿಮಿಷ ಕೂಡಿಸು. ಗಡಿಯಾರ ನೋಡಿಯೇ ಇಳಿಸು. ಇಷ್ಟೆಲ್ಲ ಪುರುಸೊತ್ತಿಲ್ಲದಿದ್ದರೆ ಫ್ರೀಜರಿನಲ್ಲಿಡು, ಅದರಲ್ಲೇನೂ ಕಡಿಮೆಯಿಲ್ಲ.

ಆರಿದ ಮೇಲೆ ಮುಚ್ಚಳದ ನಡುವೆ ಬೆರಳಿಟ್ಟು ಒತ್ತು. ಟಕ್ಕೆಂದರೆ ಗಾಳಿ ಹೊಕ್ಕಿದೆ, ಅದನ್ನು ಫ್ರಿಜ್ಜಿನಲ್ಲಿಟ್ಟು ಮೊದಲು ತಿಂದು ಮುಗಿಸಿ. ಹಣ್ಣು ಉದುರಲು ಬಿಡಬೇಡಿ, ಈ ಶನಿವಾರವೇ ಇಬ್ಬರೂ ಸೇರಿ ಏಣಿ ಹಾಕಿ ಇಳಿಸಿ.